ಲೀಟರಿನಲ್ಲಿ ಅಳೆದ ಸಮಯ: ಅಡಿಕೆ ಒಣಗಿಸುವ ಕೋಣೆಗೆ ಬಿಸಿಲಿನ ಬಿಸಿನೀರು

ಶಿರಸಿ ಸೀಮೆಯಲ್ಲಿ ರಾಶಿ ಅಡಿಕೆ ಮಾಡುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ನೋಡುವುದೇ ಒಂದು ಕೆಲಸ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಇಳಿಸಿಕೊಟ್ಟ ಹಸಿ ಅಡಿಕೆಯನ್ನು ಸುಲಿದು, ಹಂಡೆಯಲ್ಲಿ ತೊಗರಿನೊಡನೆ (ಅಡಿಕೆ ಬೇಯಿಸಿ ಬಂದ ಕೆಂಪು ರಸದೊಡನೆ) ಬೇಯಿಸಿ, ಅಟ್ಟದ ಮೇಲೆ ಹರವಿದ ಮಾರನೆಯ ದಿನವೇ ಮೋಡ ಕವಿದರೆ ಬೂಷ್ಟು ಹಿಡಿಯುತ್ತದೆ. ಆ ಎರಡು ಮೂರು ದಿನಗಳನ್ನು ದಾಟಿಸಲು ಸೌದೆಯ ಒಲೆಯಿರುವ ಒಣಗಿಸುವ ಕೋಣೆ ನಮ್ಮಲ್ಲಿ ಮೊದಲಿನಿಂದ ಇದೆ. ಅದರ ಸೌದೆ ಖರ್ಚನ್ನು ಅರ್ಧಕ್ಕಿಳಿಸುವ ಉದ್ದೇಶದಿಂದ, ವಸತಿಗೃಹವೊಂದರಲ್ಲಿ ಕಿತ್ತು ಹಾಕಿದ್ದ ನೀರು ಕಾಯಿಸುವ ಹನ್ನೆರಡು ಹಳೆಯ ಸೋಲಾರ್ ಫಲಕಗಳನ್ನು ತಂದು ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ಕೂರಿಸಿದೆ. ಫಲಕ ಕೂರಿಸುವ ಕೆಲಸ ಹತ್ತು ದಿನಗಳಲ್ಲಿ ಮುಗಿಯಿತು. ಅವುಗಳಿಂದ ಹೊರಬರುವ ನೀರನ್ನು ಒಂದೇ ಬಿಸಿಯಲ್ಲಿ ನಿಲ್ಲಿಸಲು ಎರಡು ಹಂಗಾಮು ಬೇಕಾಯಿತು, ಆದ್ದರಿಂದ ಈ ಬರಹದ ಹೆಚ್ಚಿನ ಪಾಲು ಆ ಎರಡನೆಯ ಕೆಲಸದ್ದು.

ಮೊದಲು ಜೋಡಣೆಯ ವಿವರ. ಒಂದೊಂದು ಫಲಕದ ಬಿಸಿಲು ಹೀರುವ ವಿಸ್ತಾರ ಎರಡು ಚದರ ಮೀಟರ್, ಒಟ್ಟು 24 ಚದರ ಮೀಟರ್. ನಾಲ್ಕು ಫಲಕಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದ ಮೂರು ಸಾಲುಗಳಿವೆ, ಮೂರೂ ಸಾಲುಗಳು ಸಮಾನಾಂತರವಾಗಿ ಒಂದೇ ಕೊಳವೆಗೆ ಸೇರುತ್ತವೆ. ಶಿರಸಿಯ ಅಕ್ಷಾಂಶ ಸುಮಾರು 14.6 ಡಿಗ್ರಿ, ನಮಗೆ ಬಿಸಿ ಬೇಕಾಗಿರುವುದು ಸೂರ್ಯ ದಕ್ಷಿಣಕ್ಕೆ ವಾಲಿರುವ ತಿಂಗಳುಗಳಲ್ಲಿ ಮಾತ್ರ. ಡಿಸೆಂಬರ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ 52 ಡಿಗ್ರಿ ಎತ್ತರಕ್ಕಷ್ಟೇ ಏರುವುದರಿಂದ, ಫಲಕಗಳನ್ನು ಅಕ್ಷಾಂಶಕ್ಕಿಂತ ಹೆಚ್ಚಾಗಿ, 28 ಡಿಗ್ರಿ ಓರೆಯಾಗಿ ನಿಲ್ಲಿಸಿದ್ದೇನೆ. ಕೆಳಗೆ ನಿರೋಧಕ ಸುತ್ತಿದ ಸಾವಿರ ಲೀಟರಿನ ಟ್ಯಾಂಕು ಇದೆ. ಟ್ಯಾಂಕಿನ ತಳದ ನೀರು ಪಂಪಿನ ಮೂಲಕ ಮಾಡಿಗೆ ಹೋಗಿ, ಬಿಸಿಯಾಗಿ, ಟ್ಯಾಂಕಿನ ತಲೆಗೆ ಬರುತ್ತದೆ. ತಲೆಯ ನೀರು ಒಣಗಿಸುವ ಕೋಣೆಯ ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ಬಿಸಿ ಕೊಟ್ಟು, ತಳಕ್ಕೆ ಮರಳುತ್ತದೆ. ಪಂಪು 24 ವೋಲ್ಟಿನ, ವೇಗ ಬದಲಿಸಬಹುದಾದ ಡಿಸಿ ಪಂಪು. ನಿಯಂತ್ರಣಕ್ಕೆ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಬಿಸಿ ಅಳೆಯಲು ಡಿಎಸ್18ಬಿ20 ಸೆನ್ಸರುಗಳು, ಹರಿವು ಅಳೆಯಲು ಸುತ್ತುವ ಚಕ್ರದ ಅಗ್ಗದ ಮೀಟರು ಇವೆ. ಈ ಮೀಟರು ಪ್ಲಾಸ್ಟಿಕ್ಕಿನದಾದ್ದರಿಂದ ಅದನ್ನು ಮಾಡಿಗೆ ಹೋಗುವ, ಅಂದರೆ ತಣ್ಣಗಿನ ಕೊಳವೆಯಲ್ಲೇ ಹಾಕಬೇಕು.

ಹೊರಬರುವ ನೀರು 75 ಡಿಗ್ರಿಯಲ್ಲೇ ಇರಬೇಕೆಂಬ ಹಟಕ್ಕೆ ಕಾರಣ ಟ್ಯಾಂಕು. 75 ಡಿಗ್ರಿಯ ನೀರಿಗೂ 60 ಡಿಗ್ರಿಯ ನೀರಿಗೂ ಲೀಟರಿಗೆ ಸುಮಾರು ಎಂಟು ಗ್ರಾಂ ತೂಕದ ವ್ಯತ್ಯಾಸ ಮಾತ್ರ ಇರುತ್ತದೆ, ಆ ಎಂಟು ಗ್ರಾಂ ಬಲದಿಂದಲೇ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಲ್ಲುತ್ತದೆ. ತಲೆಗೆ ಒಮ್ಮೆ 83 ಡಿಗ್ರಿಯ ನೀರನ್ನೂ ಇನ್ನೊಮ್ಮೆ 62 ಡಿಗ್ರಿಯ ನೀರನ್ನೂ ಸುರಿದರೆ ತಣ್ಣನೆಯದು ಕೆಳಗಿಳಿಯುತ್ತ ಇಡೀ ಟ್ಯಾಂಕನ್ನು ಕದಡಿ 68 ಡಿಗ್ರಿಯ ಸಾರಿನಂತೆ ಮಾಡಿಬಿಡುತ್ತದೆ. ಉಷ್ಣದ ಮೊತ್ತ ಅಷ್ಟೇ ಇದ್ದರೂ ಕೋಣೆಯ ಗಾಳಿ 55 ಡಿಗ್ರಿಗೆ ಏರುವುದಿಲ್ಲ. ಮೊದಲ ಹಂಗಾಮಿನಲ್ಲಿ ಆದದ್ದು ಇದೇ.

ಆಗ ನಾನು ಹಾಕಿದ್ದು ಸಾಮಾನ್ಯ ಪಿಐ ನಿಯಂತ್ರಣ, ಅಂದರೆ ಗುರಿಯಿಂದ ಈಗ ಎಷ್ಟು ತಪ್ಪಿದೆ, ಈವರೆಗೆ ಒಟ್ಟು ಎಷ್ಟು ತಪ್ಪಿದೆ ಎಂಬ ಎರಡನ್ನೂ ನೋಡಿ ತಿದ್ದುವ ಕ್ರಮ. ಹೊರಬರುವ ನೀರು 75ಕ್ಕಿಂತ ಬಿಸಿಯಾದರೆ ಪಂಪಿನ ವೇಗ ಹೆಚ್ಚಬೇಕು, ತಣ್ಣಗಾದರೆ ಕಡಿಮೆಯಾಗಬೇಕು. ಅದರ ಅಂಕಿಗಳನ್ನು 1942ರಿಂದ ಬಳಕೆಯಲ್ಲಿರುವ ಝೀಗ್ಲರ್–ನಿಕೋಲ್ಸ್ ವಿಧಾನದಲ್ಲಿ, ಅಂದರೆ ತಾಪಮಾನವನ್ನು ಬೇಕೆಂದೇ ತೂಗಾಡಿಸಿ ಆ ತೂಗಾಟದಿಂದ ಅಂಕಿ ಕಂಡುಕೊಳ್ಳುವ ಕ್ರಮದಲ್ಲಿ, ಒಂದು ಸ್ವಚ್ಛ ಬಿಸಿಲಿನ ಮಧ್ಯಾಹ್ನ ಹೊಂದಿಸಿದೆ. ತೂಗಾಟದ ಅವಧಿ ಒಂಬತ್ತು ನಿಮಿಷ ಬಂತು, ಸೂತ್ರದ ಪ್ರಕಾರ ಅಂಕಿಗಳು ಬಂದವು, ಸಂಜೆಯವರೆಗೆ ತಾಪಮಾನದ ಗೆರೆ ಹಗ್ಗ ಹಿಡಿದಂತೆ ನೇರವಾಗಿತ್ತು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅಟ್ಟದಲ್ಲಿ ಅಡಿಕೆ ಕೆದರುತ್ತಿದ್ದ ಅಪ್ಪಯ್ಯ ಅಲ್ಲಿಂದಲೇ ಕೂಗಿದರು: “ತಮಾ, ಪಂಪಿನ ಶಬ್ದ ಒಂದ್ಸಲ ಏರ್ತು, ಒಂದ್ಸಲ ಇಳಿತು, ಎಂತ ಆತು ನೋಡು.” ನೋಡಿದರೆ ನೀರು 62ರಿಂದ 83 ಡಿಗ್ರಿಯವರೆಗೆ ಏರಿಳಿಯುತ್ತಿತ್ತು, ಒಂದು ಸುತ್ತಿಗೆ ಸುಮಾರು 35 ನಿಮಿಷ. ಇದರ ನಡುವೆ, ಈ ಏರಿಳಿತಕ್ಕೆ ಯಾವ ಸಂಬಂಧವೂ ಇಲ್ಲದಂತೆ, ಪಂಪು ಆಗಾಗ ಹತ್ತು ಸೆಕೆಂಡು ಪೂರ್ಣ ವೇಗದಲ್ಲಿ ಓಡಿ ಸುಮ್ಮನಾಗುತ್ತಿತ್ತು. ಎರಡು ಬೇರೆ ಬೇರೆ ರೋಗಗಳು ಒಟ್ಟಿಗೆ ಬಂದಿದ್ದವು, ನಾನು ಒಂದು ತಿಂಗಳು ಅವನ್ನು ಒಂದೇ ಎಂದುಕೊಂಡು ಕಾಲ ಕಳೆದೆ.

ಹತ್ತು ಸೆಕೆಂಡಿನ ಓಟದ ಕಾರಣ ದಾಖಲೆಯ ಸಾಲುಗಳನ್ನು ಕಣ್ಣಾಡಿಸಿದಾಗ ಸಿಕ್ಕಿತು. ಪ್ರತಿ ಓಟದ ಹಿಂದಿನ ಓದು ಸರಿಯಾಗಿ 85.0 ಡಿಗ್ರಿ ಇತ್ತು, 84.9 ಅಲ್ಲ, 85.1 ಅಲ್ಲ. ಡಿಎಸ್18ಬಿ20 ಸೆನ್ಸರು ವಿದ್ಯುತ್ ತಪ್ಪಿ ಮತ್ತೆ ಎಚ್ಚೆತ್ತಾಗ, ಮೊದಲ ಅಳತೆ ಮುಗಿಯುವವರೆಗೆ ಅದರ ಸ್ಮೃತಿಯಲ್ಲಿರುವ ಅಂಕಿ 85 ಡಿಗ್ರಿ. ತಣ್ಣೀರಿನ ತೊಟ್ಟಿಗೋ ಕೋಣೆಯ ಗಾಳಿಗೋ ಬಳಸುವವರಿಗೆ ಈ ಅಂಕಿ ಸುಳ್ಳೆಂದು ಒಡನೆ ಗೊತ್ತಾಗುತ್ತದೆ, 75 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುವ ನನಗೆ ಅದು ನಿಜದ ವೇಷದಲ್ಲಿ ಬಂತು. ಪಂಪು ವೇಗ ಹೆಚ್ಚಿಸಿಕೊಳ್ಳುವ ಕ್ಷಣದಲ್ಲಿ ವೋಲ್ಟೇಜು ಕುಸಿದು, ಹದಿನೆಂಟು ಮೀಟರ್ ತಂತಿಯ ತುದಿಯಲ್ಲಿದ್ದ ಸೆನ್ಸರು ನಿದ್ದೆ ಹೋಗಿ ಏಳುತ್ತಿತ್ತು. ಸೆನ್ಸರುಗಳಿಗೆ ಬೇರೆ ರೆಗ್ಯುಲೇಟರ್ ಕೊಟ್ಟು, ಪ್ರತಿ ಸೆನ್ಸರಿನ ಬುಡದಲ್ಲಿ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೆಸೆದು, ಡೇಟಾ ತಂತಿಯ 4.7 ಕಿಲೋಓಮ್ ರೆಸಿಸ್ಟರನ್ನು 2.2 ಕಿಲೋಓಮಿಗೆ ಬದಲಿಸಿದೆ. ಹಿಂದಿನ ಓದಿಗಿಂತ ಮೂರು ಡಿಗ್ರಿಗೂ ಹೆಚ್ಚು ಜಿಗಿದು ನಿಖರವಾಗಿ 85.0 ಬಂದರೆ ಅದನ್ನು ಬಿಟ್ಟುಬಿಡುವಂತೆ ಪ್ರೋಗ್ರಾಮಿನಲ್ಲೂ ಬರೆದೆ. ಆಮೇಲೆ ಆ ಓಟ ಒಮ್ಮೆಯೂ ಕಾಣಲಿಲ್ಲ.

ಮೂರು ಸಾಲುಗಳ ತುದಿಯಲ್ಲಿ ಬೇರೆ ಬೇರೆ ಅಳೆದಾಗ ಇನ್ನೊಂದು ತಪ್ಪು ಬಯಲಾಯಿತು. ಒಂದೇ ಹೊತ್ತಿಗೆ ಪಂಪಿಗೆ ಹತ್ತಿರದ ಸಾಲು 69, ನಡುವಿನದು 75, ದೂರದ್ದು 84 ಡಿಗ್ರಿ ತೋರಿಸಿದವು. ಪ್ಲಂಬರ್ ಕೊಳವೆಯನ್ನು ಅತಿ ಕಡಿಮೆ ಉದ್ದದಲ್ಲಿ ಮುಗಿಸಲು ಹೋಗಿ, ಮೊದಲು ನೀರು ಪಡೆದ ಸಾಲೇ ಮೊದಲು ಹಿಂದಿರುಗುವಂತೆ ಜೋಡಿಸಿದ್ದ. ಹಾಗೆ ಮಾಡಲು ಒಪ್ಪಿದವನು ನಾನೇ. ನೀರು ಸುಲಭದ ದಾರಿ ಹಿಡಿಯಿತು. ಹಿಂದಿರುಗುವ ಕೊಳವೆಯನ್ನು ಆರು ಮೀಟರ್ ಹೆಚ್ಚು ಉದ್ದ ಮಾಡಿ, ಮೊದಲು ಪಡೆದ ಸಾಲು ಕೊನೆಗೆ ಸೇರುವಂತೆ ತಿರುಗಿಸಿದೆ. ಈಗ ಪ್ರತಿ ಸಾಲಿನ ನೀರು ಒಟ್ಟಾರೆ ಒಂದೇ ಉದ್ದದ ಕೊಳವೆಯನ್ನು ದಾಟುತ್ತದೆ. ದೂರದ ಸಾಲಿನ ತಲೆಯಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಬಿಡಲು ಏರ್ ವೆಂಟ್ ಹಾಕಿದೆ. ಸಾಲುಗಳ ನಡುವಿನ ವ್ಯತ್ಯಾಸ ಎರಡು ಡಿಗ್ರಿಗೆ ಇಳಿಯಿತು.

ಅದೇ ದಿನ ಹೊರಬರುವ ನೀರಿನ ತಾಪಮಾನದ ಸೆನ್ಸರನ್ನೂ ಸ್ಥಳ ಬದಲಿಸಿದೆ. ಮೊದಲು ಅದು ಟ್ಯಾಂಕಿನ ಹತ್ತಿರ, ಕೊಳವೆಯ ಹೊರಮೈಗೆ ಟೇಪಿನಲ್ಲಿ ಅಂಟಿಕೊಂಡಿತ್ತು. ಈಗ ಮಾಡಿನ ಮೇಲೆ, ಮೂರು ಸಾಲುಗಳು ಸೇರುವ ಜಾಗದಲ್ಲೇ, ನೀರಿನೊಳಗೆ ಇಳಿದ ತುದಿ ಮುಚ್ಚಿದ ತಾಮ್ರದ ಕುರುಡು ಕೊಳವೆಯಲ್ಲಿ ಹೀಟ್ ಪೇಸ್ಟ್ ಸವರಿಕೊಂಡು ಕೂತಿದೆ. ಮಾಡಿನಿಂದ ಟ್ಯಾಂಕಿಗೆ ಬರುವ ಕೊಳವೆಯಲ್ಲಿ ಏಳು ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರು ಹರಿದು ಬರುವವರೆಗೆ ಮೇಲಿನ ಸುದ್ದಿ ಕೆಳಗೆ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ರಿಪೇರಿಯ ನಂತರವೂ ಬೆಳಗಿನ ತೂಗಾಟ ಉಳಿಯಿತು, ಸುತ್ತಿನ ಅವಧಿ ಮಾತ್ರ ಕಡಿಮೆಯಾಯಿತು. ಆಗ ಸ್ಪ್ಯಾನರ್ ಕೆಳಗಿಟ್ಟು ಕಾಗದ ತೆಗೆದುಕೊಂಡೆ.

ಚಪ್ಪಟೆ ಫಲಕದ ಲೆಕ್ಕ ಬಹಳ ಹಳೆಯದು, ಸರಳವಾದದ್ದು. ಫಲಕದ ಮೇಲೆ ಬಿದ್ದ ಬಿಸಿಲಿನಲ್ಲಿ ಒಂದು ಪಾಲು ಒಳಗೆ ಬರುತ್ತದೆ, ಅದರಲ್ಲಿ ಫಲಕವು ಸುತ್ತಲ ಗಾಳಿಗಿಂತ ಎಷ್ಟು ಬಿಸಿಯಾಗಿದೆಯೋ ಅಷ್ಟಕ್ಕೆ ತಕ್ಕ ಸೋರಿಕೆ ಕಳೆಯಬೇಕು, ಉಳಿದದ್ದು ನೀರಿಗೆ. ಆ ಪಾಲು ಮತ್ತು ಆ ಸೋರಿಕೆಯ ದರ ಎಂಬ ಎರಡು ಅಂಕಿಗಳನ್ನು ನನ್ನ ಹಳೆಯ ಫಲಕಗಳಿಗೆ ನಾನೇ ಕಂಡುಕೊಳ್ಳಬೇಕಿತ್ತು. ನಾಲ್ಕು ದಿನ ನಡುಹಗಲಿನಲ್ಲಿ ಹರಿವನ್ನು ಬದಲಿಸದೆ, ಒಳಹೋಗುವ ನೀರಿನ ಬಿಸಿಯನ್ನು ಮಾತ್ರ 30, 45, 60, 70 ಡಿಗ್ರಿ ಎಂದು ಬದಲಿಸಿ ದಕ್ಷತೆ, ಅಂದರೆ ಬಿದ್ದ ಬಿಸಿಲಿನಲ್ಲಿ ನೀರಿಗೆ ಸೇರಿದ ಪಾಲು, ಅಳೆದೆ. ಅಡ್ಡಕ್ಕೆ ‘ಫಲಕದ ಸರಾಸರಿ ಬಿಸಿಯಿಂದ ಗಾಳಿಯ ಬಿಸಿ ಕಳೆದು ಬಿಸಿಲಿನಿಂದ ಭಾಗಿಸಿದ್ದು’, ಉದ್ದಕ್ಕೆ ದಕ್ಷತೆ ಎಂದು ಚುಕ್ಕಿ ಇಟ್ಟರೆ ಚುಕ್ಕಿಗಳು ಒಂದು ಇಳಿಜಾರಿನ ಗೆರೆಯ ಮೇಲೆ ಕೂತವು. ಗೆರೆ ಎಡ ಅಂಚನ್ನು ಮುಟ್ಟಿದ ಎತ್ತರ 0.68, ಇಳಿಜಾರು ಚದರ ಮೀಟರಿಗೆ, ಡಿಗ್ರಿಗೆ 5.5 ವ್ಯಾಟ್. ಗಾಜಿನ ಮೇಲಿನ ಕೆಂಪು ಮಣ್ಣಿನ ಧೂಳನ್ನು ಸಾಬೂನು ಹಾಕಿ ತೊಳೆದ ಮರುದಿನ ಎತ್ತರ 0.72ಕ್ಕೆ ಏರಿತು, ಇಳಿಜಾರು ಬದಲಾಗಲಿಲ್ಲ. ಧೂಳು ಬಿಸಿಲನ್ನು ತಡೆಯುತ್ತದೆ, ಸೋರಿಕೆಯನ್ನಲ್ಲ, ಎಂಬುದನ್ನು ಗೆರೆ ಹೀಗೆ ತೋರಿಸಿಕೊಟ್ಟಾಗ ಆದ ಸಂತೋಷ ಸಣ್ಣದಲ್ಲ. ಬಿಸಿಲು ಅಳೆಯಲು ಬಳಸಿದ್ದು ಅಂಗೈಯಗಲದ ಒಂದು ಸೋಲಾರ್ ವಿದ್ಯುತ್ ಫಲಕ. ಅದರ ಎರಡು ತುದಿಗಳನ್ನು ಸಣ್ಣ ರೆಸಿಸ್ಟರಿನ ಮೂಲಕ ಸೇರಿಸಿದರೆ ಹರಿಯುವ ಕರೆಂಟು ಬಿಸಿಲಿನ ನೇರ ಅನುಪಾತದಲ್ಲಿ ಇರುತ್ತದೆ. ಎರವಲು ತಂದ ಬಿಸಿಲುಮಾಪಕದ ಪಕ್ಕದಲ್ಲಿಟ್ಟು ಅದನ್ನು ತಾಳೆ ನೋಡಿದೆ.

ಈಗ ಎರಡು ಹೊತ್ತುಗಳ ಲೆಕ್ಕ. ಮಧ್ಯಾಹ್ನ ಬಿಸಿಲು ಚದರ ಮೀಟರಿಗೆ 850 ವ್ಯಾಟ್, ಗಾಳಿ 28 ಡಿಗ್ರಿ, ಒಳಹೋಗುವ ನೀರು 60 ಡಿಗ್ರಿ ಇದ್ದಾಗ ದಕ್ಷತೆ ಸುಮಾರು 0.46, ನೀರಿಗೆ ಸೇರುವುದು ಒಂಬತ್ತೂವರೆ ಕಿಲೋವ್ಯಾಟ್, 75ಕ್ಕೆ ತರಲು ಬೇಕಾದ ಹರಿವು ನಿಮಿಷಕ್ಕೆ ಒಂಬತ್ತು ಲೀಟರ್. ಬೆಳಿಗ್ಗೆ ಒಂಬತ್ತೂವರೆಗೆ ಕಣಿವೆಯ ಮಂಜು ಪೂರ್ತಿ ಹರಿಯದೆ ಬಿಸಿಲು 500 ವ್ಯಾಟ್, ಗಾಳಿ 21, ಒಳನೀರು 55 ಇದ್ದಾಗ ದಕ್ಷತೆ 0.24ಕ್ಕೆ ಬೀಳುತ್ತದೆ, ನೀರಿಗೆ ಸೇರುವುದು 2.8 ಕಿಲೋವ್ಯಾಟ್, ಹರಿವು ನಿಮಿಷಕ್ಕೆ ಎರಡೇ ಲೀಟರ್. ಬಿಸಿಲು ಅರ್ಧದ ಹತ್ತಿರಕ್ಕೆ ಇಳಿದರೆ ಹರಿವು ಕಾಲು ಭಾಗಕ್ಕೂ ಕಡಿಮೆಯಾಗಬೇಕು, ಏಕೆಂದರೆ ಬಿಸಿಲು ಎಷ್ಟೇ ಇರಲಿ ಸೋರಿಕೆ ತನ್ನ ಪಾಲನ್ನು ಬಿಡುವುದಿಲ್ಲ.

ಇದರಿಂದ ಆಗುವ ಪರಿಣಾಮ ಎರಡು. ಮಧ್ಯಾಹ್ನ ಹರಿವನ್ನು ನಿಮಿಷಕ್ಕೆ ಒಂದು ಲೀಟರಿನ ದರದಲ್ಲಿ ಹೆಚ್ಚಿಸಿದರೆ ಹೊರನೀರು ಒಂದೂವರೆ ಡಿಗ್ರಿ ಚಿಲ್ಲರೆ ಇಳಿಯುತ್ತದೆ. ಬೆಳಿಗ್ಗೆ ಅದೇ ದರದ ಲೆಕ್ಕದಲ್ಲಿ ಹತ್ತು ಡಿಗ್ರಿ, ಅಂದರೆ ಪಂಪಿನ ಅದೇ ಅಲುಗಾಟಕ್ಕೆ ಆರು ಪಟ್ಟು ಪರಿಣಾಮ. ಎರಡನೆಯದು ವಿಳಂಬ. ಫಲಕಗಳಲ್ಲಿ ಒಟ್ಟು 24 ಲೀಟರ್ ನೀರಿದೆ. ಅದು ಮಧ್ಯಾಹ್ನ ಮೂರು ನಿಮಿಷದೊಳಗೆ ದಾಟುತ್ತದೆ, ಬೆಳಿಗ್ಗೆ ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಹದವಾದ ಪಿಐ ಬೆಳಗಿನ ಹೊತ್ತಿಗೆ ಆರು ಪಟ್ಟು ಜೋರು, ನಾಲ್ಕು ಪಟ್ಟು ಆತುರ. ತೂಗಾಡದೆ ಇದ್ದಿದ್ದರೆ ಆಶ್ಚರ್ಯವಾಗುತ್ತಿತ್ತು.

ಇಂಥ ತೊಂದರೆ ನನ್ನ ಕೊಟ್ಟಿಗೆಗೆ ಸೀಮಿತವಲ್ಲ. ಸ್ಪೇನಿನ ಅಲ್ಮೇರಿಯಾ ಸೌರ ಕೇಂದ್ರದಲ್ಲಿ 1980ರ ದಶಕದ ಆರಂಭದಲ್ಲಿ ಕಟ್ಟಿದ ಅಕ್ಯುರೆಕ್ಸ್ ಎಂಬ ಸಂಗ್ರಾಹಕ ಕ್ಷೇತ್ರದಲ್ಲಿ, ತೊಟ್ಟಿಯಾಕಾರದ ಕನ್ನಡಿಗಳ ನಾಭಿಯಲ್ಲಿ ಎಣ್ಣೆ ಹರಿಯುತ್ತಿತ್ತು, 480 ಸಂಗ್ರಾಹಕಗಳು, ಹತ್ತು ಸಮಾನಾಂತರ ಸುತ್ತುಗಳು. ಹೊರಬರುವ ಎಣ್ಣೆಯ ತಾಪಮಾನವನ್ನು ಹರಿವಿನಿಂದಲೇ ನಿಯಂತ್ರಿಸಬೇಕಾಗಿದ್ದ ಆ ಕ್ಷೇತ್ರದ ಮೇಲೆ ಹಲವು ದಶಕ ಅಧ್ಯಯನ ನಡೆಯಿತು. ಅಲ್ಲಿನವರು ಬಳಸಿದ ಒಂದು ಜಾಣತನ ನನಗೆ ನೇರವಾಗಿ ಒದಗಿತು. ಬಿಸಿಲು, ಗಾಳಿ, ಒಳನೀರು ಈ ಮೂರನ್ನು ಅಳೆದು, ಮೇಲಿನ ಲೆಕ್ಕದಿಂದಲೇ ಬೇಕಾದ ಹರಿವನ್ನು ಮೊದಲೇ ಕಂಡುಕೊಂಡು ಪಂಪಿಗೆ ಹೇಳುವುದು. ಪಿಐ ಭಾಗಕ್ಕೆ ಪಂಪನ್ನು ಮುಟ್ಟಲು ಬಿಡದೆ, ಆ ಲೆಕ್ಕಕ್ಕೆ ಕೊಡುವ ಗುರಿ ತಾಪಮಾನವನ್ನು ಮಾತ್ರ ಅತ್ತಿತ್ತ ಜರುಗಿಸಲು ಬಿಡುವುದು. ಹೊರನೀರು 73ಕ್ಕೇ ನಿಂತರೆ ಪಿಐ ಲೆಕ್ಕಕ್ಕೆ ‘ಗುರಿ 77 ಎಂದುಕೋ’ ಎನ್ನುತ್ತದೆ. ಎರಡು ಡಿಗ್ರಿಯ ತಿದ್ದುಪಡಿ ಬೆಳಿಗ್ಗೆ ಎಷ್ಟು ಹರಿವು, ಮಧ್ಯಾಹ್ನ ಎಷ್ಟು ಹರಿವು ಎಂಬುದನ್ನು ಲೆಕ್ಕವೇ ನಿರ್ಧರಿಸುತ್ತದೆ, ಆದ್ದರಿಂದ ಆರು ಪಟ್ಟಿನ ತೊಂದರೆ ತಾನಾಗಿ ಹೋಗುತ್ತದೆ.

ವಿಳಂಬದ ತೊಂದರೆ ಉಳಿಯಿತು. ಪುಸ್ತಕದ ದಾರಿಯಾದ ಸ್ಮಿತ್ ವಿಧಾನವನ್ನು, ಎಂದರೆ ವಿಳಂಬವಿಲ್ಲದ ಮಾದರಿಯೊಂದನ್ನು ಜೊತೆಯಲ್ಲಿ ಓಡಿಸಿ ಅದರಿಂದ ಮುನ್ಸೂಚನೆ ಪಡೆಯುವುದನ್ನು, ಹಾಕಿ ನೋಡಿದೆ. ವಿಳಂಬ ಮೂರು ನಿಮಿಷದಿಂದ ಹನ್ನೆರಡು ನಿಮಿಷಕ್ಕೆ ಹರಿದಾಡುತ್ತಿದ್ದರೆ ಮಾದರಿಯ ವಿಳಂಬವನ್ನೂ ಪ್ರತಿ ಕ್ಷಣ ಬದಲಿಸಬೇಕು, ಅಲ್ಲಿ ತಪ್ಪಿದರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಕೊನೆಗೆ ಹೊಳೆದ ಉಪಾಯ ನಾಚಿಕೆಯಾಗುವಷ್ಟು ಸರಳ. ವಿಳಂಬವು ನಿಮಿಷದಲ್ಲಿ ಬದಲಾಗುತ್ತದೆ, ಲೀಟರಿನಲ್ಲಿ ಬದಲಾಗುವುದಿಲ್ಲ. ಬೆಳಿಗ್ಗೆಯಾಗಲಿ ಮಧ್ಯಾಹ್ನವಾಗಲಿ, ಫಲಕಗಳ ತಳದಲ್ಲಿ ಒಳಹೊಕ್ಕ ನೀರು 24 ಲೀಟರ್ ಹರಿದ ಮೇಲೆಯೇ ಅವುಗಳ ತಲೆಯಲ್ಲಿ ಕಾಣಿಸುತ್ತದೆ. ಹಾಗಿದ್ದ ಮೇಲೆ ನಿಯಂತ್ರಕ ಗಡಿಯಾರವನ್ನು ಏಕೆ ನೋಡಬೇಕು, ನೀರಿನ ಮೀಟರನ್ನೇ ನೋಡಲಿ. ಪಿಐ ಭಾಗ ಈಗ ಪ್ರತಿ ಮೂರು ಲೀಟರಿಗೊಮ್ಮೆ ಎಚ್ಚರಗೊಂಡು ಒಂದು ಹೆಜ್ಜೆ ಇಡುತ್ತದೆ: ಮಧ್ಯಾಹ್ನ ಇಪ್ಪತ್ತು ಸೆಕೆಂಡಿಗೊಮ್ಮೆ, ಬೆಳಿಗ್ಗೆ ಒಂದೂವರೆ ನಿಮಿಷಕ್ಕೊಮ್ಮೆ. ಅದರ ಕಣ್ಣಿಗೆ ವಿಳಂಬ ಯಾವಾಗಲೂ ಎಂಟು ಹೆಜ್ಜೆ. ಒಂದೇ ಜೊತೆ ಅಂಕಿಗಳು ಇಡೀ ದಿನಕ್ಕೆ ಸಾಕಾದವು. ಹರಿವು ನಿಂತುಹೋದರೆ ನಿಯಂತ್ರಕದ ಕಾಲವೂ ನಿಂತುಹೋಗುವ ಅಪಾಯವಿರುವುದರಿಂದ, ಎರಡು ನಿಮಿಷ ಕಳೆದರೆ ಲೀಟರ್ ತುಂಬದಿದ್ದರೂ ಎಚ್ಚರಗೊಳ್ಳಬೇಕೆಂಬ ನಿಯಮ ಸೇರಿಸಿದೆ. ಇನ್ನು ಮೀಟರಿನ ಮೇಲೆ ಇಷ್ಟು ನಂಬಿಕೆ ಇಟ್ಟಮೇಲೆ ಅದರ ಪರೀಕ್ಷೆಯೂ ಆಗಬೇಕಲ್ಲ: ಲೀಟರಿಗೆ 450 ಮಿಡಿತ ಎಂದು ಹೇಳುವ ಈ ಮೀಟರು, ಬಕೆಟ್ಟು ಮತ್ತು ತೂಕದ ತಕ್ಕಡಿ ಹಿಡಿದು ನೋಡಿದಾಗ, ನಿಮಿಷಕ್ಕೆ ಎರಡು ಲೀಟರಿನಲ್ಲಿ ಏಳು ಪ್ರತಿಶತ ಕಡಿಮೆ ಎಣಿಸುತ್ತಿತ್ತು.

ಇದನ್ನು ಅಡಿಕೆಯ ಮೇಲೆ ಪ್ರಯೋಗಿಸುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಪ್ರತಿ ಸಾಲನ್ನು ಇಪ್ಪತ್ತು ತುಂಡುಗಳಾಗಿ ಕತ್ತರಿಸಿ, ತುಂಡಿಗೆ ಒಂದು ಲೋಹದ ತಾಪಮಾನ, ಒಂದು ನೀರಿನ ತಾಪಮಾನ ಇಟ್ಟುಕೊಂಡೆ. ಲೋಹ ಬಿಸಿಲಿನಿಂದ ಪಡೆಯುತ್ತದೆ, ಗಾಳಿಗೆ ಸೋರುತ್ತದೆ, ನೀರಿಗೆ ಕೊಡುತ್ತದೆ. ನೀರು ಲೋಹದಿಂದ ಪಡೆದು ಮುಂದಿನ ತುಂಡಿಗೆ ಹರಿಯುತ್ತದೆ. ಲೆಕ್ಕದ ಒಂದು ಹೆಜ್ಜೆಯಲ್ಲಿ ನೀರು ಒಂದು ತುಂಡಿಗಿಂತ ಹೆಚ್ಚು ದೂರ ಹೋಗಕೂಡದು, ಹೋದರೆ ಅಂಕಿಗಳು ಹುಚ್ಚಾಗುತ್ತವೆ. ನನ್ನ ತುಂಡು ದಾಟಲು ಮಧ್ಯಾಹ್ನ ಎಂಟು ಸೆಕೆಂಡು ಬೇಕು, ಎರಡು ಸೆಕೆಂಡಿನ ಹೆಜ್ಜೆ ಸಾಕಾಯಿತು. ಫಲಕವೊಂದರ ಆರು ಕಿಲೋ ತಾಮ್ರ ಒಂದು ಡಿಗ್ರಿ ಏರಲು 2.3 ಕಿಲೋಜೂಲ್ ಬೇಡಿದರೆ ಅದರೊಳಗಿನ ಎರಡು ಲೀಟರ್ ನೀರು 8.4 ಕಿಲೋಜೂಲ್ ಬೇಡುತ್ತದೆ. ಹೀಗಾಗಿ ಲೋಹವನ್ನು ಒರಟಾಗಿ ಲೆಕ್ಕ ಹಾಕಿದರೂ ಅಳತೆಗೂ ಮಾದರಿಗೂ ಒಂದೆರಡು ಡಿಗ್ರಿಗಿಂತ ಹೆಚ್ಚು ಅಂತರ ಬರಲಿಲ್ಲ.

ಮಾದರಿ ಮುಂಚಿತವಾಗಿ ತೋರಿಸಿಕೊಟ್ಟ ಒಂದು ತಪ್ಪು ಮೋಡದ್ದು. ಮೋಡದ ಅಂಚು ಬಂದ ತಕ್ಷಣ ಬಿಸಿಲಿನ ಅಂಕಿ 900ರಿಂದ 250ಕ್ಕೆ ಬೀಳುತ್ತದೆ, ಲೆಕ್ಕ ಹರಿವನ್ನು ಕನಿಷ್ಠಕ್ಕೆ ಇಳಿಸುತ್ತದೆ. ಆದರೆ ಆ ಕ್ಷಣದಲ್ಲಿ ತಲೆಯ ಹತ್ತಿರವಿರುವ ನೀರು ಆಗಲೇ ಮುಕ್ಕಾಲು ದಾರಿ ಒಳ್ಳೆಯ ಬಿಸಿಲು ಉಂಡು ಬಂದಿರುತ್ತದೆ, ಅದನ್ನು ತಡೆದು ನಿಲ್ಲಿಸಲು ಕಾರಣವಿಲ್ಲ. ಮೋಡ ಸರಿದಾಗ ಇದರ ತಿರುವು: ಬಿಳಿ ಮೋಡದ ಅಂಚಿನ ಪ್ರತಿಫಲನ ಸೇರಿ ಕೆಲವು ಸೆಕೆಂಡು ಬಿಸಿಲು ಸಾವಿರವನ್ನೂ ಮೀರುತ್ತದೆ, ಪಂಪು ಓಡುತ್ತದೆ, ಇನ್ನೂ ಕಾಯದ ನೀರು ಟ್ಯಾಂಕಿನ ತಲೆಗೆ ಬೀಳುತ್ತದೆ. ಹೊರಬರುವ ನೀರಿನ ಬಿಸಿ ಅದು ಫಲಕಗಳೊಳಗೆ ಇದ್ದಷ್ಟೂ ಹೊತ್ತು ಉಂಡ ಬಿಸಿಲಿನ ಮೊತ್ತ. ಆದ್ದರಿಂದ ಲೆಕ್ಕಕ್ಕೆ ಕೊಡಬೇಕಾದದ್ದು ಈ ಕ್ಷಣದ ಬಿಸಿಲಲ್ಲ, ಕಳೆದ 24 ಲೀಟರ್ ಹರಿಯುವಷ್ಟು ಕಾಲದ ಸರಾಸರಿ ಬಿಸಿಲು. ಇಲ್ಲಿಯೂ ಲೀಟರಿನ ಗಡಿಯಾರವೇ ಕೆಲಸಕ್ಕೆ ಬಂತು. ಚಿಕ್ಕ ಮೋಡಗಳು ಈಗ ಪಂಪಿನ ಶಬ್ದದಲ್ಲಿ ತಿಳಿಯುವುದೇ ಇಲ್ಲ.

ಎರಡನೆಯ ಹಂಗಾಮಿನ ಅಳತೆ ಹೀಗಿದೆ. ಸ್ವಚ್ಛ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯಿಂದ ಮೂರು ಗಂಟೆಯವರೆಗೆ ಹೊರನೀರು 75ರ ಆಚೀಚೆ ಒಂದೂವರೆ ಡಿಗ್ರಿಯೊಳಗೆ ನಿಲ್ಲುತ್ತದೆ. ದೊಡ್ಡ ಮೋಡ ಹಾದರೆ ನಾಲ್ಕು ಡಿಗ್ರಿ ತಪ್ಪುತ್ತದೆ, ಇಪ್ಪತ್ತು ಮೂವತ್ತು ಲೀಟರಿನಲ್ಲಿ ಸರಿಹೋಗುತ್ತದೆ. ಟ್ಯಾಂಕಿನ ತಲೆಗೂ ತಳಕ್ಕೂ ಸಂಜೆ ಹನ್ನೆರಡು ಡಿಗ್ರಿಯ ಅಂತರ ಉಳಿಯುತ್ತದೆ, ರಾತ್ರಿ ಎಂಟರವರೆಗೆ ಸೌದೆ ಹಾಕದೆ ಕೋಣೆಯ ಗಾಳಿ 55ರಲ್ಲಿ ನಡೆಯುತ್ತದೆ.

ಇದನ್ನು ಮಾಡಹೊರಟವರಿಗೆ ಒಂದು ಎಚ್ಚರಿಕೆ. ಪಂಪು ನಿಂತ ಮಧ್ಯಾಹ್ನ ಫಲಕ ಎಷ್ಟು ಬಿಸಿಯಾಗಬಹುದೆಂದು ಅದೇ ಗೆರೆಯಿಂದ ತಿಳಿಯಬಹುದು: 0.72ನ್ನು ಸಾವಿರ ವ್ಯಾಟಿನಿಂದ ಗುಣಿಸಿ 5.5ರಿಂದ ಭಾಗಿಸಿದರೆ ಗಾಳಿಗಿಂತ 131 ಡಿಗ್ರಿ ಹೆಚ್ಚು. ಬಿಸಿಯೇರಿದಂತೆ ಸೋರಿಕೆಯ ದರವೂ ಏರುವುದರಿಂದ ನಿಜದಲ್ಲಿ ಅಷ್ಟು ಆಗದಿದ್ದರೂ ನೀರು ಕುದಿದು ಆವಿಯಾಗುವುದು ಖಂಡಿತ. ಪಂಪಿಗೆ ಬ್ಯಾಟರಿ ಇಟ್ಟಿರುವುದು, ಮಾಡಿನ ಮೇಲೆ ಸೇಫ್ಟಿ ವಾಲ್ವ್ ಹಾಕಿ ಅದರ ಬಾಯಿಯನ್ನು ಜನ ಓಡಾಡದ ಕಡೆಗೆ ತಿರುಗಿಸಿರುವುದು ಈ ಕಾರಣಕ್ಕೆ. ಹಂಗಾಮು ಮುಗಿದ ಮೇಲೆ ಫಲಕಗಳಿಗೆ ತಾಡಪತ್ರಿ ಹೊದಿಸುತ್ತೇನೆ.

ಉಳಿದಿರುವ ಕೆಲಸ ನೆರಳಿನದು. ನಮ್ಮ ರೇಖಾಂಶ ಭಾರತೀಯ ಕಾಲಮಾನದ ರೇಖೆಗಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿರುವುದರಿಂದ, ಡಿಸೆಂಬರಿನಲ್ಲಿ ನಿಜವಾದ ನಡುಹಗಲು ಹನ್ನೆರಡೂವರೆಯ ಹತ್ತಿರ, ಫೆಬ್ರವರಿ ನಡುವಿಗೆ ಹನ್ನೆರಡೂ ಮುಕ್ಕಾಲರ ಹತ್ತಿರ. ಹೀಗಾಗಿ ಮೂರೂವರೆಗೆ ಇನ್ನೂ ಬಳಸಬಹುದಾದ ಬಿಸಿಲು ಇರುತ್ತದೆ, ಆದರೆ ಆ ಹೊತ್ತಿಗೆ ನೈಋತ್ಯದ ಅಡಿಕೆ ಮರಗಳ ನೆರಳು ಪಶ್ಚಿಮದ ಸಾಲಿನ ಮೇಲೆ ಏರುತ್ತದೆ. ಬಿಸಿಲು ಅಳೆಯುವ ತುಣುಕು ಪೂರ್ವದ ಸಾಲಿನ ಮೇಲಿದ್ದು, ಅದಕ್ಕೆ ನೆರಳಿನ ಸುದ್ದಿಯೇ ಇಲ್ಲ. ಲೆಕ್ಕ ಮೂರು ಸಾಲಿನ ಹರಿವು ಕೊಡುತ್ತದೆ, ನೆರಳಿನ ಸಾಲು ತಣ್ಣೀರು ಬೆರೆಸುತ್ತದೆ, ಪಿಐ ಗುರಿಯನ್ನು 80ರವರೆಗೂ ಎಳೆದು ಹೇಗೋ ಸರಿದೂಗಿಸುತ್ತದೆ. ಪಶ್ಚಿಮದ ಸಾಲಿಗೆ ಇನ್ನೊಂದು ಬಿಸಿಲಿನ ತುಣುಕು ಮತ್ತು ಒಂದು ಸೊಲೆನಾಯ್ಡ್ ವಾಲ್ವ್ ತಂದಿಟ್ಟಿದ್ದೇನೆ, ನೆರಳು ಬಿದ್ದಾಗ ಸಾಲನ್ನೇ ಮುಚ್ಚುವ ಆಲೋಚನೆ. ಮುಚ್ಚಿದಾಗ ವಿಸ್ತಾರ 24 ಚದರ ಮೀಟರಿನಿಂದ 16ಕ್ಕೆ, ಫಲಕಗಳ ನೀರು 24 ಲೀಟರಿನಿಂದ 16ಕ್ಕೆ ಇಳಿಯುತ್ತದೆ. ಎಂಟು ಹೆಜ್ಜೆಯ ವಿಳಂಬ ಉಳಿಯಬೇಕಾದರೆ ಮೂರು ಲೀಟರಿನ ಹೆಜ್ಜೆಯನ್ನೂ ಆ ಕ್ಷಣದಲ್ಲೇ ಎರಡು ಲೀಟರಿಗೆ ಇಳಿಸಬೇಕು. ಅದಕ್ಕೆ ಬೇಕಾದ ಆದೇಶವನ್ನು ಪ್ರೋಗ್ರಾಮಿನಲ್ಲಿ ಬರೆದಾಗಿದೆ, ವಾಲ್ವ್ ಇನ್ನೂ ಕೊಳವೆಗೆ ಏರಿಲ್ಲ.